ಕ್ರಮ ತನ್ನಿ, ಕಡತ ಅಲ್ಲೇ ಬಿಡಿ

ಓದುಗರ ಪತ್ರ: ಸೇನೆಯಲ್ಲಿ 22 ವರ್ಷವಾಯಿತು, ಈಗ ಲೆಫ್ಟಿನೆಂಟ್ ಕರ್ನಲ್. ಅದರಲ್ಲಿ ಮೂರು ವರ್ಷ ಮಾಧ್ಯಮದ ಹೊಣೆ ಹೊತ್ತಿದ್ದೆ. ಅವಧಿಗೆ ಮುನ್ನ ನಿವೃತ್ತಿ ಪಡೆದು ಬೆಂಗಳೂರಿನಲ್ಲಿ ಸ್ಟ್ರಾಟಜಿಕ್ ಕಮ್ಯುನಿಕೇಷನ್ (ಸಂಸ್ಥೆಗಳು ಯಾರಿಗೆ, ಯಾವಾಗ, ಏನು ಹೇಳಬೇಕೆಂಬ ಯೋಜನೆ) ಸಲಹೆಗಾರನಾಗುವ ಮನಸ್ಸಿದೆ. ದೆಹಲಿಯ ಕಚೇರಿಗಳಲ್ಲೂ ರಕ್ಷಣಾ ಕಂಪನಿಗಳಲ್ಲೂ ಪರಿಚಯದವರಿದ್ದಾರೆ. ಇಷ್ಟು ಸಾಕೇ? ಎಲ್ಲಿ ಎಡವಬಹುದು? – ಬೆಳಗಾವಿಯ ಓದುಗರೊಬ್ಬರು

ಸಂಪಾದಕರ ಉತ್ತರ: ನಿಮ್ಮ ಬಂಡವಾಳದ ಪಟ್ಟಿಯಿಂದ ಪರಿಚಯಗಳನ್ನು ಮೊದಲು ತೆಗೆದುಹಾಕಿ. ಇಂದು ನಿಮ್ಮ ಫೋನ್ ಎತ್ತಿಕೊಳ್ಳುವವರು ಎರಡು ಮೂರು ವರ್ಷದಲ್ಲಿ ವರ್ಗವಾಗಿ ಹೋಗುತ್ತಾರೆ. ಅದಕ್ಕಿಂತ ಮುಖ್ಯವಾದ ಕಾರಣ ಕಾನೂನಿನದು. ರಕ್ಷಣಾ ಸಚಿವಾಲಯದ ಖರೀದಿ ಒಪ್ಪಂದಗಳಲ್ಲಿ ಏಜೆಂಟರ ಬಗ್ಗೆ ಒಂದು ಷರತ್ತು ಇರುತ್ತದೆ: ಈ ಆರ್ಡರ್ ಸಿಗಲೆಂದು ಸರ್ಕಾರದ ಬಳಿ ಶಿಫಾರಸು ಮಾಡಲು ಯಾರನ್ನೂ ನೇಮಿಸಿಲ್ಲ ಎಂದು ಮಾರುವ ಕಂಪನಿ ಬರೆದುಕೊಡಬೇಕು. ನೀವು ‘ಆರ್ಡರ್ ಬಂದರೆ ಇಷ್ಟು’ ಎಂದು ಶುಲ್ಕ ಮಾತಾಡಿಕೊಂಡರೆ ನಿಮ್ಮ ಕಕ್ಷಿದಾರನ ಒಪ್ಪಂದವೇ ರದ್ದಾಗುವ ಅಪಾಯವಿದೆ. ಆದ್ದರಿಂದ ನಿಮ್ಮ ಕರಾರಿನ ಮೊದಲ ಪುಟದಲ್ಲೇ ಬರೆಯಿರಿ: ಈ ಶುಲ್ಕಕ್ಕೂ ಯಾವುದೇ ಸರ್ಕಾರಿ ಆದೇಶಕ್ಕೂ ಸಂಬಂಧವಿಲ್ಲ.

ಹಾಗಾದರೆ ಮಾರುವುದೇನನ್ನು? ನೀವು ಕೆಲಸ ಮಾಡುವ ಕ್ರಮವನ್ನು. ಸೇನೆಯಲ್ಲಿ ‘ಅಪ್ರಿಸಿಯೇಷನ್’, ಅಂದರೆ ಪರಿಸ್ಥಿತಿಯನ್ನು ಅಳೆದು ನೋಡುವ ಟಿಪ್ಪಣಿ, ಬರೆಯುವುದು ನಿಮಗೆ ಕರತಲಾಮಲಕ. ಮೊದಲು ಗುರಿ, ಆಮೇಲೆ ಪರಿಸ್ಥಿತಿಯ ಒಂದೊಂದೇ ಅಂಶ, ಪ್ರತಿ ಅಂಶದ ಕೆಳಗೆ ‘ಇದರಿಂದ ತಿಳಿಯುವುದೇನು’ ಎಂಬ ತೀರ್ಮಾನ, ನಂತರ ಇರುವ ದಾರಿಗಳು, ಕೊನೆಗೆ ಯೋಜನೆ. ಬಹಳಷ್ಟು ಕಂಪನಿಗಳ ಸಂವಹನ ಯೋಜನೆ ಇದನ್ನೇ ತಲೆಕೆಳಗು ಮಾಡಿರುತ್ತದೆ. ಪತ್ರಿಕಾಗೋಷ್ಠಿ ಯಾವ ಹೋಟೆಲಿನಲ್ಲಿ ಎಂಬಲ್ಲಿಂದ ಶುರುವಾಗಿ, ಯಾರಿಗೆ ಏನು ಅರ್ಥವಾಗಬೇಕು ಎನ್ನುವುದು ಕೊನೆಗೂ ಬರುವುದಿಲ್ಲ. 1999ರ ಕಾರ್ಗಿಲ್ ಸಮಯದಲ್ಲಿ ಕರ್ನಲ್ ಬಿಕ್ರಮ್ ಸಿಂಗ್ ಸೇನೆಯ ಪರವಾಗಿ ಪತ್ರಕರ್ತರಿಗೆ ವಿವರ ಕೊಡುತ್ತಿದ್ದುದನ್ನೂ, 2025ರ ಮೇ 7ರಂದು ಆಪರೇಷನ್ ಸಿಂಧೂರದ ಬಗ್ಗೆ ವಿದೇಶಾಂಗ ಕಾರ್ಯದರ್ಶಿಯ ಜೊತೆ ಇಬ್ಬರು ಮಹಿಳಾ ಅಧಿಕಾರಿಗಳು ಮಾತಾಡಿದ್ದನ್ನೂ ಜನ ನೋಡಿದ್ದಾರೆ. ಆದರೆ ವೇದಿಕೆಯ ಹತ್ತು ನಿಮಿಷದ ಹಿಂದೆ ನಡೆದಿರುವ ಕೆಲಸವನ್ನು ಯಾರೂ ನೋಡಿರುವುದಿಲ್ಲ. ಕಕ್ಷಿದಾರ ದುಡ್ಡು ಕೊಡಬೇಕಾದದ್ದು ಆ ಕೆಲಸಕ್ಕೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೈಗಾರಿಕಾ ಪ್ರದೇಶದ ಶೀತಲಗೃಹವೊಂದರಲ್ಲಿ ಬೆಳಗಿನ ಜಾವ ಅಮೋನಿಯಾ ಸೋರಿದೆ. ಕಂಪನಿಯವರು ಕಳಿಸುವ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ: ‘ಸಣ್ಣ ತಾಂತ್ರಿಕ ಅಡಚಣೆಯಾಗಿದೆ. ಪರಿಸ್ಥಿತಿ ಸಂಪೂರ್ಣ ಹತೋಟಿಯಲ್ಲಿದೆ. ಆತಂಕಪಡಬೇಕಿಲ್ಲ.’ ಈ ಮೂರು ವಾಕ್ಯಗಳೂ ಮಧ್ಯಾಹ್ನದೊಳಗೆ ಸುಳ್ಳಾಗಬಹುದು. ಒಬ್ಬ ಕಾರ್ಮಿಕ ತೀರಿಕೊಂಡರೆ ‘ಸಣ್ಣ’ ಎಂಬ ಪದ ವರ್ಷಗಟ್ಟಲೆ ಕಂಪನಿಯ ಬೆನ್ನು ಬಿಡುವುದಿಲ್ಲ. ನಿಮ್ಮ ಕೈಗೆ ಬಂದರೆ ಅದು ಹೀಗಾಗಬೇಕು: ‘ಇಂದು ಬೆಳಿಗ್ಗೆ 4.40ಕ್ಕೆ ನಮ್ಮ ಘಟಕದಲ್ಲಿ ಅಮೋನಿಯಾ ಸೋರಿದೆ. ಪಾಳಿಯಲ್ಲಿದ್ದ 31 ಮಂದಿಯೂ ಹೊರಗೆ ಬಂದಿದ್ದಾರೆ, ಆರು ಮಂದಿ ಆಸ್ಪತ್ರೆಯಲ್ಲಿದ್ದಾರೆ. ಅವರ ಮನೆಯವರಿಗೆ ತಿಳಿಸಿದ್ದೇವೆ. ಅಗ್ನಿಶಾಮಕ ದಳ ಸ್ಥಳದಲ್ಲಿದೆ. ಸೋರಿಕೆಗೆ ಕಾರಣ ಇನ್ನೂ ಗೊತ್ತಾಗಿಲ್ಲ. ಮುಂದಿನ ಮಾಹಿತಿ 7.30ಕ್ಕೆ ಕೊಡುತ್ತೇವೆ.’ ಹೆಸರು ಹೊರಬೀಳುವ ಮುನ್ನ ಮನೆಯವರಿಗೆ ಸುದ್ದಿ ಮುಟ್ಟಬೇಕೆಂಬುದು ನಿಮಗೆ ಹೊಸದಲ್ಲ, ಕಾರ್ಖಾನೆಯವರಿಗೆ ಹೊಸದು. ಇನ್ನು 7.30 ಎಂದರೆ 7.30. ಹೊಸದೇನೂ ಇಲ್ಲದಿದ್ದರೆ ಹಾಗೆಂದೇ ಹೇಳಿ. ಆ ಹೊತ್ತು ಖಾಲಿ ಬಿಟ್ಟರೆ ವಾಟ್ಸ್‌ಆಪ್ ಅದನ್ನು ತುಂಬುತ್ತದೆ.

ಸೇನೆಯ ಅಭ್ಯಾಸ ಕೈಕೊಡುವುದೂ ಇಂಥ ಹೊತ್ತಿನಲ್ಲೇ. ಅಲ್ಲಿ ಒಪ್ಪಿಗೆ ಮೇಲಿನಿಂದ ಬರುವವರೆಗೆ ಬಾಯಿ ಮುಚ್ಚಿರುವುದು ಶಿಸ್ತು. ಇಲ್ಲಿ ಅದೇ ತಪ್ಪೊಪ್ಪಿಗೆಯಂತೆ ಕಾಣುತ್ತದೆ. ಆದ್ದರಿಂದ ಅವಘಡವಾಗುವ ಮೊದಲೇ ಕಕ್ಷಿದಾರನಿಂದ ಬರೆಸಿಕೊಳ್ಳಿ: ರಾತ್ರಿ ಎರಡು ಗಂಟೆಗೆ ಹೇಳಿಕೆಗೆ ಒಪ್ಪಿಗೆ ಕೊಡುವವರು ಯಾರು, ಅವರು ಸಿಗದಿದ್ದರೆ ಯಾರು, ವಕೀಲರು ಎಷ್ಟು ನಿಮಿಷದಲ್ಲಿ ಓದಿ ವಾಪಸ್ ಕಳಿಸಬೇಕು. ಮೂರಕ್ಕಿಂತ ಹೆಚ್ಚು ಜನರ ಸಹಿ ಬೇಕೆಂದರೆ ಹೇಳಿಕೆ ಮಧ್ಯಾಹ್ನದ ಊಟದ ಹೊತ್ತಿಗೇ ಹೊರಡುವುದು. ಇನ್ನೊಂದು ವಿಷಯ, ಮ್ಯಾನೇಜಿಂಗ್ ಡೈರೆಕ್ಟರ್ ನಿಮ್ಮ ಅಧೀನ ಅಧಿಕಾರಿಯಲ್ಲ, ಕಮಾಂಡಿಂಗ್ ಆಫೀಸರೂ ಅಲ್ಲ. ಅವರಿಗೆ ಆಜ್ಞೆ ಮಾಡಲಾಗದು. ಬರೀ ‘ಯಸ್ ಸರ್’ ಎನ್ನುತ್ತಿದ್ದರೆ ನಿಮ್ಮ ಅಗತ್ಯವೂ ಅವರಿಗಿಲ್ಲ.

ಒಂದು ಗೆರೆಯನ್ನು ಮಾತ್ರ ದಯವಿಟ್ಟು ದಾಟಬೇಡಿ. ಶತ್ರುವಿನ ಮನಸ್ಸು ಕೆಡಿಸಲು ಕಲಿತ ವಿದ್ಯೆಯನ್ನು ನಮ್ಮದೇ ಜನರ ಮೇಲೆ ಪ್ರಯೋಗಿಸಲು ಕೇಳುವವರು ಬಂದೇ ಬರುತ್ತಾರೆ. ನಕಲಿ ಖಾತೆಗಳು, ಎದುರಾಳಿ ಕಂಪನಿಯ ಮೇಲೆ ವದಂತಿ, ಭೂಮಿ ಕೊಡಲೊಪ್ಪದ ರೈತರ ಸಂಘ ಒಡೆಯುವ ‘ಕ್ಯಾಂಪೇನ್’. ಹಣ ಎಷ್ಟೇ ಇರಲಿ, ಅಂಥ ಕೆಲಸ ಬೇಡ. ಯೂನಿಫಾರಂ ಮೇಲೆ ಜನ ಇಟ್ಟ ನಂಬಿಕೆಯನ್ನು ಮಾರಿಕೊಳ್ಳುವ ಕೆಲಸ ಅದು.

ಬಿಡುಗಡೆಯ ಕಾಗದ ಕೈಗೆ ಬರುವ ತನಕ ಟಿವಿ ಚರ್ಚೆಗೆ ಕೂರಬೇಡಿ, ಲೇಖನ ಬರೆಯಬೇಡಿ, ಕಕ್ಷಿದಾರನಿಂದ ರೂಪಾಯಿ ಮುಟ್ಟಬೇಡಿ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಸೇವೆಯ ವಿಷಯ ಪತ್ರಿಕೆಗಳಿಗೆ ತಿಳಿಸುವುದನ್ನು ತಡೆಯುವ 1954ರ ಆರ್ಮಿ ರೂಲ್ಸ್‌ನ 21ನೇ ನಿಯಮ ನೆನಪಿರಲಿ. ಸೇವೆಯಲ್ಲಿದ್ದಾಗ ಮಾಡಿದ ತಪ್ಪಿಗೆ ಸೇವೆ ಬಿಟ್ಟ ಮೇಲೂ ಮೂರು ವರ್ಷದವರೆಗೆ ಆರ್ಮಿ ಆಕ್ಟ್ ನಿಮ್ಮನ್ನು ವಿಚಾರಣೆಗೆ ಎಳೆಯಬಲ್ಲದು. 1923ರ ಅಧಿಕೃತ ರಹಸ್ಯ ಕಾಯ್ದೆಗಂತೂ ನಿವೃತ್ತಿಯೇ ಇಲ್ಲ. ನಿವೃತ್ತಿಯ ನಂತರ ನಿಗದಿತ ಅವಧಿಯೊಳಗೆ ವಾಣಿಜ್ಯ ಉದ್ಯೋಗಕ್ಕೆ ಸರ್ಕಾರದ ಪೂರ್ವಾನುಮತಿ ಕೇಳುವ ಪಿಂಚಣಿ ನಿಯಮವೂ ಇದೆ. ಅದು ನಿಮ್ಮ ಹುದ್ದೆಗೂ ಸ್ವಂತ ಸಲಹಾ ಕಚೇರಿಗೂ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಸೇನೆ ಬಿಡುವವರಿಗೆ ಹೊಸ ಉದ್ಯೋಗಕ್ಕೆ ನೆರವಾಗುವ ಪುನರ್ವಸತಿ ಮಹಾನಿರ್ದೇಶನಾಲಯದ 24 ವಾರಗಳ ಮ್ಯಾನೇಜ್‌ಮೆಂಟ್ ಕೋರ್ಸ್ ಸಿಕ್ಕರೆ ಮಾಡಿ. ಅಲ್ಲಿ ಸಂವಹನ ಕಲಿಸುತ್ತಾರೆಂದಲ್ಲ, ಬ್ಯಾಲೆನ್ಸ್ ಶೀಟ್ ಓದಲು ಬಾರದವನ ಮಾತನ್ನು ಕಂಪನಿಯ ಆಡಳಿತ ಮಂಡಳಿ ಕೇಳುವುದಿಲ್ಲ.

ಶುಲ್ಕದ ಲೆಕ್ಕ ಹೀಗೆ ಹಾಕಿ. ವರ್ಷಕ್ಕೆ ಸುಮಾರು 240 ಕೆಲಸದ ದಿನ. ಅರ್ಧ ದಿನಗಳು ಕೆಲಸ ಹುಡುಕುವುದರಲ್ಲಿ, ಪ್ರಸ್ತಾವ ಬರೆಯುವುದರಲ್ಲಿ ಹೋಗುತ್ತವೆ. ಉಳಿದ 120 ದಿನದಲ್ಲಿ 24 ಲಕ್ಷ ದುಡಿಯಬೇಕೆಂದರೆ ದಿನಕ್ಕೆ 20,000 ರೂಪಾಯಿ. 20 ಲಕ್ಷ ದಾಟುವುದರಿಂದ ಜಿಎಸ್‌ಟಿ ನೋಂದಣಿ ಬೇಕು, ಶೇ 18 ಸೇರಿ ಬಿಲ್ 23,600 ಆಗುತ್ತದೆ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿಯನ್ನೂ ಮಾಡಿಸಿ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂಬ ಕಾಯ್ದೆ ಆಗ ನಿಮ್ಮ ಬೆನ್ನಿಗಿರುತ್ತದೆ. ಪತ್ರಿಕೆಯ ತುಣುಕುಗಳನ್ನು ಅಂಟಿಸಿ, ಅಷ್ಟು ಜಾಗಕ್ಕೆ ಜಾಹೀರಾತಿನ ದರ ಗುಣಿಸಿ ‘ಇಷ್ಟು ಕೋಟಿಯ ಪ್ರಚಾರ’ ಎಂದು ತೋರಿಸಬೇಡಿ. ಈ ಅಳತೆ ಸರಿಯಲ್ಲವೆಂದು 2010ರ ಬಾರ್ಸಿಲೋನಾ ತತ್ವಗಳಲ್ಲಿ ಸಾರ್ವಜನಿಕ ಸಂಪರ್ಕ ವೃತ್ತಿಯವರೇ ಒಪ್ಪಿಕೊಂಡಿದ್ದಾರೆ.

ಕಾರ್ಡಿನ ಮೇಲೆ ‘ನಿವೃತ್ತ’ ಎಂಬುದು ಹುದ್ದೆಯ ಮುಂದಲ್ಲ, ಹೆಸರಿನ ನಂತರ ಬರಲಿ. ನಿವೃತ್ತಿಯಾಗುವುದು ಮನುಷ್ಯ, ಹುದ್ದೆಯಲ್ಲ. ನಿಮ್ಮ ಕಂಪನಿಯ ನಾಮಫಲಕದ ಮೇಲೆ ಸೇನೆಯ ಹುದ್ದೆ ಬೇಡವೇ ಬೇಡ.

ನೀವು ಪತ್ರದಲ್ಲಿ ಹೇಳದ ಒಂದು ಅನುಕೂಲ ನಿಮಗಿದೆ. ಬೆಂಗಳೂರಿನ ಬಹುತೇಕ ಹೇಳಿಕೆಗಳು ಇಂಗ್ಲಿಷಿನಲ್ಲಿ ಹುಟ್ಟಿ, ಅನುವಾದವಾಗಿ, ಅರ್ಥವಾಗದ ಕನ್ನಡದಲ್ಲಿ ತಡವಾಗಿ ಬರುತ್ತವೆ. ಆ ಶೀತಲಗೃಹದ ಗೇಟಿನ ಹೊರಗೆ ನಿಂತ ಹೆಂಡತಿ ಮಕ್ಕಳಿಗೆ ಬೇಕಾದದ್ದು ಆ ಮೊದಲ ಹೇಳಿಕೆ, ಅವರಾಡುವ ಮಾತಿನಲ್ಲಿ. ಅದನ್ನು ಕನ್ನಡದಲ್ಲೇ ಮೊದಲು ಬರೆಯಿರಿ, ಇಂಗ್ಲಿಷ್ ಆಮೇಲೆ ಬರಲಿ.

– ಸಂ.