ಬ್ರಯಾನ್ ವಿಲ್ಸನ್ ಆರಿಸಿದ 20 ಹಾಡು: ಒಂದು ಪತ್ರ, ಒಂದು ಉತ್ತರ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: “ಅಮೆರಿಕದ ಬೀಚ್ ಬಾಯ್ಸ್ ಬ್ಯಾಂಡಿನ ಹಾಡು ಕೇಳಬೇಕು ಅನ್ನುವವರು ‘ಕ್ಲಾಸಿಕ್ಸ್ ಸೆಲೆಕ್ಟೆಡ್ ಬೈ ಬ್ರಯಾನ್ ವಿಲ್ಸನ್’ ಆಲ್ಬಂನಿಂದಲೇ ಶುರು ಮಾಡಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ನಂಬಿ ಕೇಳಿದೆ. ‘ಸರ್ಫಿನ್ ಯುಎಸ್‌ಎ’ ಇಲ್ಲ. ‘ಬಾರ್ಬರಾ ಆ್ಯನ್’ ಇಲ್ಲ. ‘ಹೆಲ್ಪ್ ಮಿ ರೋಂಡಾ’ ಇಲ್ಲ. ‘ಕೊಕೊಮೊ’ ಕೂಡ ಇಲ್ಲ. ಅರ್ಧ ಹಾಡುಗಳ ಹೆಸರೇ ನನಗೆ ಗೊತ್ತಿರಲಿಲ್ಲ. ಬ್ಯಾಂಡಿಗೆ ಹಾಡು ಕಟ್ಟಿದ ಬ್ರಯಾನ್ ಕೈಗೇ ಆರಿಸುವ ಕೆಲಸ ಕೊಟ್ಟರೆ ಹೀಗೇ ಆಗುವುದು. ಹೆತ್ತವರಿಗೆ ಹೆಗ್ಗಣ ಮುದ್ದು ಅಲ್ವಾ? ಯಾವ ಹಾಡು ಚೆಂದ ಅನ್ನುವುದನ್ನು ಜನ ಯಾವತ್ತೋ ತೀರ್ಮಾನ ಮಾಡಿ ಆಗಿದೆ. ಬ್ಯಾಂಡಿನಲ್ಲಿ ಐದು ಜನ ಇದ್ದರು. ಒಬ್ಬರ ಇಷ್ಟಕ್ಕೆ ಯಾಕಿಷ್ಟು ಬೆಲೆ?”

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ಮಾತು ಮೊದಲೇ ಒಪ್ಪಿಕೊಳ್ಳುತ್ತೇನೆ. ಅದರಿಂದಲೇ ಶುರು ಮಾಡಿ ಎಂದು ನಾವು ಬರೆದದ್ದು ತಪ್ಪು. ಮೊದಲ ಸಲ ಕೇಳುವವರಿಗೆ 2003ರಲ್ಲಿ ಬಂದ ‘ಸೌಂಡ್ಸ್ ಆಫ್ ಸಮ್ಮರ್’ ಇದೆ. ಅದರಲ್ಲಿ 30 ಹಾಡು, ನೀವು ಹುಡುಕಿದ ನಾಲ್ಕೂ ಅಲ್ಲಿವೆ. 1974ರ ‘ಎಂಡ್‌ಲೆಸ್ ಸಮ್ಮರ್’ ಕೂಡ ಇದೆ. ಆ ಹಳೆ ಹಾಡುಗಳ ಸಂಕಲನ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಹೋಗಿ, ಜನ ಮರೆಯತೊಡಗಿದ್ದ ಬ್ಯಾಂಡನ್ನು ಮತ್ತೆ ಎಲ್ಲರ ಬಾಯಿಗೆ ತಂದಿತು. ಮೊದಲು ಅವೆರಡರಲ್ಲಿ ಒಂದನ್ನು ಕೇಳಿ. 2002ರಲ್ಲಿ ಬ್ರಯಾನ್ ಆರಿಸಿ ಕೊಟ್ಟದ್ದು ಆಮೇಲೆ ಕೇಳಬೇಕಾದದ್ದು. ಆ ಕ್ರಮ ನಾವು ಹೇಳಬೇಕಿತ್ತು.

ಆದರೆ ಹೆಗ್ಗಣದ ಮಾತನ್ನು ನಾನು ಒಪ್ಪಲಾರೆ.

ನೀವು ಕೊಟ್ಟ ಪಟ್ಟಿಯನ್ನೇ ನೋಡೋಣ. ‘ಕೊಕೊಮೊ’ 1988ರ ಹಾಡು. ಅದನ್ನು ಬರೆದ ನಾಲ್ವರಲ್ಲಿ ಬ್ರಯಾನ್ ಇಲ್ಲ. ರೆಕಾರ್ಡಿಂಗಿನಲ್ಲೂ ಇಲ್ಲ. ‘ಬಾರ್ಬರಾ ಆ್ಯನ್’ ಮೊದಲು ರೀಜೆಂಟ್ಸ್ ಅನ್ನುವ ಇನ್ನೊಂದು ತಂಡ ಹಾಡಿದ್ದು. ‘ಸರ್ಫಿನ್ ಯುಎಸ್‌ಎ’ಯ ಮಟ್ಟು ಚಕ್ ಬೆರಿ ಅವರ ‘ಸ್ವೀಟ್ ಲಿಟಲ್ ಸಿಕ್ಸ್‌ಟೀನ್’ನದು. ಅದಕ್ಕೇ ಆ ಹಾಡಿಗೆ ಬೆರಿ ಅವರ ಹೆಸರೂ ಸೇರಿತು. ನಿನ್ನ ಹಾಡುಗಳನ್ನು ನೀನೇ ಆರಿಸು ಎಂದು ಒಬ್ಬ ಸಂಗೀತಗಾರನಿಗೆ ಹೇಳಿದಾಗ ಅವನು ಬೇರೆಯವರ ಮಟ್ಟನ್ನು ಪಕ್ಕಕ್ಕಿಟ್ಟರೆ ತಪ್ಪೇನು? ನನಗಂತೂ ಅದು ಪ್ರಾಮಾಣಿಕತೆ ಅನ್ನಿಸುತ್ತದೆ. ಉಳಿದದ್ದು ‘ಹೆಲ್ಪ್ ಮಿ ರೋಂಡಾ’. ಅದು ಬ್ರಯಾನ್ ಮತ್ತು ಬ್ಯಾಂಡಿನ ಗಾಯಕ ಮೈಕ್ ಲವ್ ಸೇರಿ ಮಾಡಿದ ಹಾಡೇ. 1965ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಗಿತ್ತು. ಹೆತ್ತ ಮಕ್ಕಳನ್ನೆಲ್ಲ ಮುದ್ದಿಸುವವರು ಅದನ್ನು ಬಿಡುತ್ತಿದ್ದರಾ? ಬ್ರಯಾನ್ ಬಿಟ್ಟರು. ‘ಫನ್ ಫನ್ ಫನ್’ ಬಿಟ್ಟರು. ‘ವುಡನ್ಟ್ ಇಟ್ ಬಿ ನೈಸ್’ ಕೂಡ ಬಿಟ್ಟರು. ಮುದ್ದು ಮಾಡುವವರು ಹೀಗೆ ಬಿಡುವುದಿಲ್ಲ.

ಹಾಗಾದರೆ ಏನನ್ನು ಇಟ್ಟುಕೊಂಡರು? ಮೊದಲ ಎರಡು ಹಾಡುಗಳ ಹತ್ತಿರ ಸ್ವಲ್ಪ ಹೊತ್ತು ಕೂರೋಣ. ಇಡೀ ಆಲ್ಬಂನ ಬೀಗದ ಕೈ ಅಲ್ಲೇ ಇದೆ.

ಮೊದಲನೆಯದು ‘ಸರ್ಫರ್ ಗರ್ಲ್’. ತಾನು ಕಟ್ಟಿದ ಮೊದಲ ಹಾಡು ಇದೇ ಎಂದು ಬ್ರಯಾನ್ ಹೇಳುತ್ತಿದ್ದರು. ಆಗ ಅವರಿಗೆ 19 ವರ್ಷ. ನಿಮ್ಮ ಮನೆಯಲ್ಲಿ ಯಾರಾದರೂ ಗಿಟಾರ್ ಕಲಿಯುತ್ತಿದ್ದರೆ ಇದನ್ನು ನುಡಿಸಲು ಹೇಳಿ. ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗೊತ್ತಿದ್ದರೆ ಹಾಡಿನ ಮೊದಲ ಸಾಲುಗಳು ಕೈಗೆ ಬರುತ್ತವೆ. ಡಿ, ಬಿ ಮೈನರ್, ಜಿ, ಎ. 1950ರ ದಶಕದ ಅಮೆರಿಕದ ನಿಧಾನಗತಿಯ ಪ್ರೇಮಗೀತೆಗಳಲ್ಲಿ ಮತ್ತೆ ಮತ್ತೆ ಸಿಗುವ ದಾರಿ ಅದು. ಕಣ್ಣು ಮುಚ್ಚಿಕೊಂಡೇ ನಡೆಯಬಹುದಾದ ದಾರಿ.

ಎರಡನೆಯದು ‘ದ ವಾರ್ಮ್ತ್ ಆಫ್ ದ ಸನ್’. 1963ರ ನವೆಂಬರಿನಲ್ಲಿ, ಅಧ್ಯಕ್ಷ ಕೆನಡಿ ಹತ್ಯೆಯಾದ ದಿನಗಳಲ್ಲಿ ಹುಟ್ಟಿದ ಹಾಡು. ಇದೂ ಅದೇ ದಾರಿಯಲ್ಲೇ ಹೊರಡುತ್ತದೆ. ಸಿ, ಆಮೇಲೆ ಎ ಮೈನರ್. ಮೂರನೆಯ ಹೆಜ್ಜೆ ಎಫ್‌ಗೆ ಬೀಳಬೇಕು. ಕಿವಿ ಅಲ್ಲಿಗೇ ಕಾದು ಕೂತಿರುತ್ತದೆ. ಆದರೆ ಹಾಡು ಇ ಫ್ಲಾಟ್‌ಗೆ ಹೋಗುತ್ತದೆ, ಅಲ್ಲಿಂದ ಸಿ ಮೈನರ್‌ಗೆ. ದಿನಾ ಹತ್ತುವ ಮೆಟ್ಟಿಲಿನಲ್ಲಿ ಒಂದು ಮೆಟ್ಟಿಲು ಇಲ್ಲದಿದ್ದರೆ ಕಾಲಿಗೆ ಹೇಗಾಗುತ್ತದೆ, ಹಾಗೆ. ಹುಡುಗಿ ಬಿಟ್ಟು ಹೋಗಿದ್ದಾಳೆ ಎಂದು ಮಾತು ಹೇಳುತ್ತಿದೆ. ಏನೋ ಕುಸಿದಿದೆ ಎಂದು ಆ ಒಂದು ಕಾರ್ಡ್ ಹೇಳುತ್ತದೆ. ಈ ಎರಡು ಹಾಡನ್ನು ಅಕ್ಕಪಕ್ಕ ಇಟ್ಟದ್ದು ಸುಮ್ನೆ ಅಲ್ಲ ಅನ್ನುವುದು ನನ್ನ ನಂಬಿಕೆ. ನಾನು ಎಲ್ಲಿಂದ ಹೊರಟೆ, ಎಲ್ಲಿ ದಾರಿ ಬದಲಿಸಿದೆ, ನೋಡಿ ಎಂದು ತೋರಿಸಿದ ಹಾಗಿದೆ. ಸಮುದ್ರ, ಕಾರು, ಹುಡುಗಿಯರ ಹಾಡು ಎಂದು ಜನ ಕೇಳಿಸಿಕೊಂಡರು. ಬ್ರಯಾನ್ ತಾನು ಮಾಡಿದ ಕೆಲಸ ಯಾವುದು ಎಂದು ಹೇಳುತ್ತಿದ್ದಾರೆ.

ಮೂರು ಮತ್ತು ನಾಲ್ಕನೆಯ ಹಾಡು 1964ರ ಒಂದೇ ಸಿಂಗಲ್‌ನ, ಅಂದರೆ ಮುಖಕ್ಕೊಂದು ಹಾಡಿರುವ ಚಿಕ್ಕ ರೆಕಾರ್ಡಿನ, ಎರಡು ಮುಖ. ಒಂದು ಕಡೆ ‘ಐ ಗೆಟ್ ಅರೌಂಡ್’, ಅಮೆರಿಕದಲ್ಲಿ ಅವರಿಗೆ ಮೊದಲ ಸ್ಥಾನ ತಂದುಕೊಟ್ಟ ಮೊದಲ ಹಾಡು. ಹಿಂದೆ ತಿರುಗಿಸಿದರೆ ‘ಡೋಂಟ್ ವರಿ ಬೇಬಿ’. ಮುಂದಿನ ಮುಖದಲ್ಲಿ ಊರೆಲ್ಲ ತಿರುಗುವ ಹುಡುಗ. ಹಿಂದಿನ ಮುಖದಲ್ಲಿ ರೇಸಿಗೆ ಹೊರಟು ಒಳಗೊಳಗೇ ಹೆದರಿದ ಹುಡುಗ. ಅದೇ ವರ್ಷದ ಡಿಸೆಂಬರಿನಲ್ಲಿ ಹ್ಯೂಸ್ಟನ್‌ಗೆ ಹೋಗುವ ವಿಮಾನದಲ್ಲಿ ಬ್ರಯಾನ್ ಭಯದಿಂದ ಕುಸಿದರು. ಆಮೇಲೆ ಊರೂರು ತಿರುಗಿ ಹಾಡುವುದನ್ನು ಬಿಟ್ಟು ಸ್ಟುಡಿಯೋದಲ್ಲೇ ಉಳಿದರು.

ಅದಾದ ಮೇಲೆ ‘ಇನ್ ಮೈ ರೂಮ್’. ಇದನ್ನು ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಬ್ರಯಾನ್ ದನಿ. ಅದಕ್ಕೆ ತಮ್ಮಂದಿರು ಕಾರ್ಲ್ ಮತ್ತು ಡೆನಿಸ್ ಬಂದು ಸೇರಿಕೊಳ್ಳುತ್ತಾರೆ. ಲಾಸ್ ಏಂಜಲಿಸ್ ಹತ್ತಿರದ ಹಾಥಾರ್ನ್ ಊರಿನ ಮನೆಯಲ್ಲಿ ಮೂವರೂ ಒಂದೇ ಕೋಣೆಯಲ್ಲಿ ಮಲಗಿ ರಾತ್ರಿ ಹೀಗೇ ದನಿ ಕೂಡಿಸಿ ಹಾಡುತ್ತಿದ್ದ ಹುಡುಗರು. ಡೆನಿಸ್ 1983ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಕಾರ್ಲ್ 1998ರಲ್ಲಿ ಕ್ಯಾನ್ಸರ್‌ನಿಂದ ಹೋದರು. 2002ರಲ್ಲಿ ಕೂತು ಹಾಡು ಆರಿಸುವಾಗ ಮೂವರಲ್ಲಿ ಉಳಿದವರು ಅಣ್ಣ ಒಬ್ಬರೇ. ಆ ಕೋಣೆಯ ಹಾಡನ್ನು ಬಿಡುವುದು ಹೇಗೆ?

‘ಪೆಟ್ ಸೌಂಡ್ಸ್’ 1966ರದು, ಅವರ ಅತ್ಯಂತ ಹೆಸರಾದ ಆಲ್ಬಂ. ಅದರಿಂದ ಇಟ್ಟುಕೊಂಡದ್ದು ಎರಡೇ. ‘ಗಾಡ್ ಓನ್ಲಿ ನೋಸ್’ ಬಗ್ಗೆ ಈ ಪತ್ರಿಕೆಯಲ್ಲಿ ಹಿಂದೆಯೂ ಬರೆದಿದ್ದೇವೆ. ಯಾವಾಗಲೂ ಪ್ರೀತಿಸುತ್ತೇನೋ ಇಲ್ಲವೋ ಎಂಬ ಮಾತಿನಿಂದ ಒಂದು ಪ್ರೇಮಗೀತೆಯನ್ನು ಶುರು ಮಾಡಿದ ಧೈರ್ಯ ಸಣ್ಣದಲ್ಲ. ಸಾಹಿತ್ಯ ಟೋನಿ ಆಶರ್ ಅವರ ಜೊತೆ ಬರೆದದ್ದು. ಹಾಡುವ ಅವಕಾಶ ತಮ್ಮ ಕಾರ್ಲ್‌ಗೆ ಕೊಟ್ಟರು. ಇನ್ನೊಂದು ‘ಕ್ಯಾರೊಲಿನ್, ನೋ’. ಶುರುವಿನಲ್ಲಿ ಟೊಳ್ಳು ಟೊಳ್ಳಾಗಿ ಕೇಳುವ ಏಟು ಖಾಲಿ ನೀರಿನ ಕ್ಯಾನಿನದು. ಡ್ರಮ್ಮರ್ ಹಾಲ್ ಬ್ಲೇನ್ ಬಡಿದದ್ದು. ಕೊನೆಯಲ್ಲಿ ರೈಲು ಹಾದುಹೋಗುತ್ತದೆ, ಬ್ರಯಾನ್ ಸಾಕಿದ ನಾಯಿಗಳು ಬೊಗಳುತ್ತವೆ. ಈ ಹಾಡು ಮುಗಿಯುವುದು ಹಾಗೆ. ನಾನಾಗಿದ್ದರೆ ‘ವುಡನ್ಟ್ ಇಟ್ ಬಿ ನೈಸ್’ ಕೂಡ ಸೇರಿಸುತ್ತಿದ್ದೆ, ಈ ಸಂಕಲನದಲ್ಲಿ ಮುಂದೆ ಬರುವ ‘ಮಾರ್ಸೆಲಾ’ ಬಿಡುತ್ತಿದ್ದೆ. ಇದರಲ್ಲಿ ನಿಮಗೂ ನನಗೂ ಭಿನ್ನಾಭಿಪ್ರಾಯ ಇರಲಾರದು.

ಈಗ 9ರಿಂದ 12ನೆಯ ಹಾಡಿನವರೆಗೆ ಬನ್ನಿ. ‘ಗುಡ್ ವೈಬ್ರೇಷನ್ಸ್’, ‘ವಂಡರ್‌ಫುಲ್’, ‘ಹೀರೋಸ್ ಆ್ಯಂಡ್ ವಿಲನ್ಸ್’, ‘ಸರ್ಫ್ಸ್ ಅಪ್’. ನಾಲ್ಕೂ ‘ಸ್ಮೈಲ್’ ಅನ್ನುವ ಆಲ್ಬಂನ ಕಾಲದವು. ಬ್ರಯಾನ್ ಗೀತರಚನೆಕಾರ ವ್ಯಾನ್ ಡೈಕ್ ಪಾರ್ಕ್ಸ್ ಜೊತೆ ಅದನ್ನು 1966ರಲ್ಲಿ ಹಚ್ಚಿಕೊಂಡರು. 1967ರಲ್ಲಿ ಅರ್ಧಕ್ಕೆ ಕೈಬಿಟ್ಟರು. ಅದು ಅವರ ಬದುಕಿನ ದೊಡ್ಡ ಗಾಯ. 35 ವರ್ಷ ಆದ ಮೇಲೆ, ನಿನಗೆ ಬೇಕಾದ ಹಾಡು ಆರಿಸು ಎಂದಾಗ ಆ ಮುರಿದ ಆಲ್ಬಂನ ನಾಲ್ಕು ತುಂಡುಗಳನ್ನು ತೆಗೆದು ಒಂದರ ಹಿಂದೆ ಒಂದು ಜೋಡಿಸಿದರು. ಮುಂದೆ ಏನಾಯಿತು ಗೊತ್ತಲ್ಲ? 2004ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಇಡೀ ‘ಸ್ಮೈಲ್’ ಹಾಡಿ ಮುಗಿಸಿದರು. ಈ ಆಯ್ಕೆಯ ಕಾಲಕ್ಕೇ ಅವರ ಕೈ ಆ ಕಡೆ ಚಾಚಿತ್ತು ಅನ್ನಿಸುತ್ತದೆ ನನಗೆ. ಹಿಟ್ ಹಾಡುಗಳ ಯಾವ ಪಟ್ಟಿಯೂ ನಿಮಗೆ ಇದನ್ನು ಕೇಳಿಸುವುದಿಲ್ಲ.

ನೀವು ಹೆಸರೇ ಕೇಳಿಲ್ಲ ಎಂದ ಹಾಡುಗಳು ಇಲ್ಲಿಂದ ಮುಂದಿನವು ಇರಬೇಕು. ಅದರಲ್ಲಿ ನಿಮ್ಮದೇನೂ ತಪ್ಪಿಲ್ಲ. ‘ಸರ್ಫ್ಸ್ ಅಪ್’ನಿಂದ ಕೊನೆಯವರೆಗೆ ಒಂಬತ್ತು ಹಾಡು. ಅವುಗಳಲ್ಲಿ ಒಂದೂ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ 40ರೊಳಗೆ ಬರಲಿಲ್ಲ. ಜನ ತೀರ್ಮಾನ ಮಾಡಿ ಆಗಿದೆ ಎಂದಿರಿ. ಈ ಒಂಬತ್ತನ್ನು ಜನ ಸರಿಯಾಗಿ ಕೇಳಲೇ ಇಲ್ಲ. ಕೇಳದ ಹಾಡಿನ ಬಗ್ಗೆ ತೀರ್ಮಾನ ಎಲ್ಲಿಂದ ಬಂತು?

ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ‘ಬಿಜಿ ಡೂಯಿನ್ ನಥಿಂಗ್’, 1968ರದು. ಬ್ರೆಜಿಲ್‌ನ ಬೋಸಾನೋವಾ ಲಯ, ಮೆಲ್ಲಗೆ ತೂಗುತ್ತದೆ. ಬ್ರಯಾನ್ ತನ್ನ ಮನೆಗೆ ಬರುವ ದಾರಿ ಹೇಳುತ್ತಾರೆ. ಆಮೇಲೆ ಒಬ್ಬ ಗೆಳತಿಗೆ ಫೋನ್ ಮಾಡಬೇಕು ಅನ್ನಿಸುತ್ತದೆ. ಬರೆದಿಟ್ಟ ನಂಬರು ಸಿಗುವುದಿಲ್ಲ. ಹುಡುಕುತ್ತಾರೆ. ಕೂತು ಯೋಚಿಸುತ್ತಾರೆ, ನಿಧಾನವಾಗಿ ನೆನಪಾಗುತ್ತದೆ. ಡಯಲ್ ಮಾಡುತ್ತಾರೆ. ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾಯುತ್ತಾರೆ. ಕೊನೆಗೆ ಫೋನ್ ಇಟ್ಟು, ಹಾಳೆ ತೆಗೆದುಕೊಂಡು, ಪೆನ್ಸಿಲ್ ಚೂಪು ಮಾಡಿ ಕಾಗದ ಬರೆಯುತ್ತಾರೆ. ಅಷ್ಟೇ ಹಾಡು. ಈ ಮನುಷ್ಯ ಎರಡು ವರ್ಷದ ಹಿಂದೆ ‘ಗುಡ್ ವೈಬ್ರೇಷನ್ಸ್’ಗಾಗಿ ಸ್ಟುಡಿಯೋದಿಂದ ಸ್ಟುಡಿಯೋಗೆ ಅಲೆದು ತಿಂಗಳುಗಟ್ಟಲೆ ರೆಕಾರ್ಡ್ ಮಾಡಿದ್ದರು. ಈಗ ಮನೆಯಲ್ಲಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದಾರೆ. ಎರಡೂ ತನ್ನ ಒಳ್ಳೆಯ ಕೆಲಸವೇ ಎಂದು ಅವರು ಹೇಳಿದ್ದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಐದು ಜನರಲ್ಲಿ ಒಬ್ಬರ ಇಷ್ಟಕ್ಕೆ ಯಾಕೆ ಬೆಲೆ ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಮೈಕ್ ಲವ್‌ಗೆ ಇಲ್ಲಿ ಅನ್ಯಾಯ ಆಗಿಲ್ಲ. ಎರಡನೆಯ ಹಾಡು ಅವರ ಜೊತೆ ಬರೆದದ್ದೇ, ‘ಕ್ಯಾಲಿಫೋರ್ನಿಯಾ ಗರ್ಲ್ಸ್’, ‘ಗುಡ್ ವೈಬ್ರೇಷನ್ಸ್’ ಕೂಡ. ಐವರಲ್ಲಿ ಇನ್ನೊಬ್ಬರಾದ ಅಲ್ ಜಾರ್ಡಿನ್ ದನಿ ಹಾಡುಗಳ ತುಂಬಾ ಇದೆ. ನನಗೆ ಬೇಸರ ಇರುವುದು ಡೆನಿಸ್ ವಿಚಾರದಲ್ಲಿ. 1970ರ ‘ಸನ್‌ಫ್ಲವರ್’ ಆಲ್ಬಂನಿಂದ ಬ್ರಯಾನ್ ತನ್ನ ‘ದಿಸ್ ಹೋಲ್ ವರ್ಲ್ಡ್’ ತೆಗೆದುಕೊಂಡರು. ಎರಡು ನಿಮಿಷವೂ ಇಲ್ಲದ, ಶ್ರುತಿಯಿಂದ ಶ್ರುತಿಗೆ ಜಿಗಿಯುವ ಅದ್ಭುತ ಹಾಡು ಅದು. ಆದರೆ ಅದೇ ಆಲ್ಬಂನಲ್ಲಿ ಡೆನಿಸ್ ಕಟ್ಟಿ ಹಾಡಿದ ‘ಫಾರೆವರ್’ ಇದೆ. ಅದಕ್ಕೆ ಇಲ್ಲಿ ಜಾಗ ಸಿಗಲಿಲ್ಲ. ಹಾಗಾಗಿ ಇದು ಬೀಚ್ ಬಾಯ್ಸ್ ಅವರ ಅತ್ಯುತ್ತಮ ಹಾಡುಗಳ ಸಂಕಲನ ಎಂದು ನಾನು ಹೇಳುವುದಿಲ್ಲ. ಇದು ಬೀಚ್ ಬಾಯ್ಸ್ ಒಳಗಿನ ಬ್ರಯಾನ್ ವಿಲ್ಸನ್. ಮುಖಪುಟದ ಮೇಲೆ ಅವರ ಹೆಸರು ಇರುವುದು ಅದಕ್ಕೇ.

ನಾನು ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಕ್ಯಾಸೆಟ್ ಅಂಗಡಿಗಳಲ್ಲಿ ಹಾಡಿನ ಪಟ್ಟಿ ಬರೆದು ಕೊಟ್ಟರೆ 60 ನಿಮಿಷದ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದರು. ನೀವೂ ಮಾಡಿಸಿರಬಹುದು. ಆ ಪಟ್ಟಿ ಬರೆಯುವಾಗ ರೇಡಿಯೋದಲ್ಲಿ ಯಾವುದು ಜಾಸ್ತಿ ಬರುತ್ತದೆ ಎಂದು ನಾವು ಯೋಚಿಸುತ್ತಿರಲಿಲ್ಲ. ಯಾವ ಹಾಡು ಇಲ್ಲದಿದ್ದರೆ ಆಗುವುದಿಲ್ಲವೋ ಅದನ್ನು ಬರೆಯುತ್ತಿದ್ದೆವು. ಗೆಳೆಯರ ಪಟ್ಟಿ ನೋಡಿದರೆ ಗೆಳೆಯರೇ ಇನ್ನಷ್ಟು ಗೊತ್ತಾಗುತ್ತಿದ್ದರು. ನಾನು ಈ ಆಲ್ಬಂ ಕೇಳುವುದು ಹಾಗೆ.

ಕೊನೆಯ ಎರಡು ಹಾಡಿನ ಬಗ್ಗೆ ಒಂದು ಕೋರಿಕೆ. 19ನೆಯದು 1971ರ ‘ಟಿಲ್ ಐ ಡೈ’. ಸಾಹಿತ್ಯವೂ ಬ್ರಯಾನ್ ಅವರದೇ, ಬೇರೆ ಯಾರ ಕೈಯೂ ಇಲ್ಲ. ನಾನು ಕಡಲ ಮೇಲೆ ತೇಲುವ ಬೆಂಡು, ಗುಡ್ಡ ಕುಸಿಯುವಾಗ ಉರುಳುವ ಕಲ್ಲು, ಗಾಳಿಗೆ ಸಿಕ್ಕ ಎಲೆ ಎನ್ನುತ್ತಾರೆ. ಸಮುದ್ರದ ಹಾಡುಗಳಿಂದ ಲೋಕಕ್ಕೆ ಗೊತ್ತಾದವರು ಆ ಸಮುದ್ರದ ಎದುರು ತಾನೆಷ್ಟು ಸಣ್ಣವನು ಎಂದು ಇಲ್ಲಿ ಹೇಳಿದ್ದಾರೆ. ಅದು ಮುಗಿದ ಮೇಲೆ 20ನೆಯದು, ‘ಕ್ಯಾಲಿಫೋರ್ನಿಯಾ ಫೀಲಿನ್’. 1970ರ ದಶಕದಲ್ಲಿ ಕವಿ ಸ್ಟೀಫನ್ ಕಲಿನಿಚ್ ಜೊತೆ ಬರೆದ ಹಾಡು. ಅಷ್ಟು ವರ್ಷ ಹೊರಗೆ ಬಂದಿರಲಿಲ್ಲ. ಈ ಸಂಕಲನಕ್ಕಾಗಿ ಬ್ರಯಾನ್ ಹೊಸದಾಗಿ ಹಾಡಿದರು. ಆಗ ಅವರಿಗೆ 60ರ ಹತ್ತಿರ.

ಕಳೆದ ಸಲ ಕೇಳಿದ್ದನ್ನು ಮರೆತುಬಿಡಿ. ಒಂದು ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಮೊದಲನೆಯ ಹಾಡು ಹಾಕಿ, ಅದು ಮುಗಿದ ತಕ್ಷಣ ಮಧ್ಯದ್ದೆಲ್ಲ ಬಿಟ್ಟು 20ನೆಯದಕ್ಕೆ ಹೋಗಿ. ಮೊದಲನೆಯದರಲ್ಲಿ ಫಾಲ್ಸೆಟೊದಲ್ಲಿ (ಸಹಜ ದನಿಗಿಂತ ಮೇಲಿನ ತೆಳು ದನಿಯಲ್ಲಿ) ಸಲೀಸಾಗಿ ಮೇಲೆ ಹತ್ತುವ ಹುಡುಗನ ದನಿ, ಸುತ್ತ ತಮ್ಮಂದಿರು. ಇಪ್ಪತ್ತನೆಯದರಲ್ಲಿ ಗಂಟಲು ದಪ್ಪಗಾಗಿದೆ, ಅಲ್ಲಲ್ಲಿ ಒರಟಾಗಿದೆ, ಸುತ್ತ ಬೇರೆಯವರಿದ್ದಾರೆ. ಆದರೆ ಹಾಡುತ್ತಿರುವುದು ಅದೇ ಕ್ಯಾಲಿಫೋರ್ನಿಯಾವನ್ನು. ಕೇಳಿದ ಮೇಲೆ ನಿಮಗೆ ಏನನ್ನಿಸಿತು ಎಂದು ಇನ್ನೊಂದು ಪತ್ರ ಬರೆಯಿರಿ. ಆಗಲೂ ‘ಹೆಲ್ಪ್ ಮಿ ರೋಂಡಾ’ ಬೇಕಿತ್ತು ಎಂದರೆ ಅದನ್ನೂ ಇಲ್ಲೇ ಅಚ್ಚು ಮಾಡುತ್ತೇನೆ.

– ಸಂಪಾದಕ