ತೀರ್ಥನ್ ಕಣಿವೆಗೆ ಹಗುರವಾದ ಫ್ಲೈ ಫಿಶಿಂಗ್ ಸಾಮಾನು ಯಾವುದು ತಗೋಬೇಕು?

ಬೆಳಗಾವಿಯಿಂದ ಹಿಮಾಚಲದ ತೀರ್ಥನ್ ಕಣಿವೆಗೆ ಫ್ಲೈ ಫಿಶಿಂಗ್ ಮಾಡಿ, ಅಂದರೆ ಕೊಕ್ಕೆಗೆ ನಕಲಿ ಹುಳು ಕಟ್ಟಿ ಟ್ರೌಟ್ ಮೀನು ಹಿಡಿಯಲು ಹೊರಟಿದ್ದೀರಿ, ಬ್ಯಾಗ್ ಭಾರ ಆಗಬಾರದು, ಅಲ್ವಾ? ನಾಲ್ಕು ತುಂಡಾಗಿ ಬಿಚ್ಚುವ, 8.5 ಅಡಿಯ 4 ಅಥವಾ 5 ನಂಬರಿನ ರಾಡ್ ಸಾಕು. ಈ ನಂಬರ್ ದಾರದ ತೂಕದ ಅಳತೆ, ಹಾಗಾಗಿ ದಾರವೂ ಅದೇ ನಂಬರಿನದ್ದಿರಲಿ. ನಕಲಿ ಹುಳುವಿಗೆ ತೂಕವೇ ಇರುವುದಿಲ್ಲ, ಅದನ್ನು ದೂರ ಒಯ್ಯುವುದು ದಾರದ ತೂಕ. ಹಾಗಾಗಿ ದಾರಕ್ಕೆ ಜಿಪುಣತನ ಬೇಡ, ರೀಲಿಗೆ ಮಾಡಿ. ಸಣ್ಣ ಟ್ರೌಟ್‌ಗೆ ರೀಲ್ ಅಂದರೆ ದಾರ ಸುತ್ತಿಡುವ ಡಬ್ಬಿ ಅಷ್ಟೇ.

ಇನ್ನೂ ಹಗುರ ಬೇಕಾದರೆ ಜಪಾನಿನ ಟೆಂಕಾರಾ ರಾಡ್ ನೋಡಿ. ರೀಲೇ ಇಲ್ಲ, ಮಡಚಿದರೆ ಬ್ಯಾಗಿನೊಳಗೇ ಕೂರುತ್ತದೆ. ದೂರ ಎಸೆಯಲು ಮಾತ್ರ ಆಗದು. ಸಣ್ಣ ತೊರೆಗೆ ನಾನಾದರೆ ಇದನ್ನೇ ಒಯ್ಯುತ್ತೇನೆ.

ವೇಡರ್ (ನೀರಿಗಿಳಿಯಲು ತೊಡುವ, ಒದ್ದೆಯಾಗದ ಉಡುಪು) ಸುಮ್ನೆ ಹೊರೆ, ದಡದಿಂದಲೇ ಹಿಡಿಯಿರಿ. ಎಸೆಯುವ ಅಭ್ಯಾಸವನ್ನು ಹಿಡಕಲ್ ಹಿನ್ನೀರಿನ ಬಯಲಲ್ಲಿ ಕೊಕ್ಕೆ ಕಟ್ಟದೆ ಮಾಡಬಹುದು. ತೀರ್ಥನ್‌ನಲ್ಲಿ ಮೀನು ಹಿಡಿಯಲು ಹಿಮಾಚಲದ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ.