ಪಾಯಿಂಟ್ ಕೊಟ್ಟು ಮಿಕ್ಸಿ ತರಬೇಡ

ಪ್ರಶ್ನೆ: ಅಕ್ಕಾ, ನನ್ನ ಕ್ರೆಡಿಟ್ ಕಾರ್ಡಿನಲ್ಲಿ 12,000 ರಿವಾರ್ಡ್ ಪಾಯಿಂಟ್ ಕೂಡಿವೆ. ಬ್ಯಾಂಕಿನ ಆ್ಯಪ್ ಮಿಕ್ಸಿ ತೋರಿಸುತ್ತಿದೆ. ನನಗೋ ಅತ್ತೆ-ಮಾವನನ್ನು ವಿಮಾನದಲ್ಲಿ ಕಾಶಿಗೆ ಕಳಿಸುವ ಆಸೆ. ಏನು ಮಾಡಲಿ?
– ಓದುಗಿ, ಶಿರಸಿ

ಉತ್ತರ: ಮಿಕ್ಸಿ ಖಂಡಿತ ಬೇಡ ತಂಗೀ, ಕಾಶಿಗೇ ಕಳಿಸು. ಪಾಯಿಂಟಿಗೆ ಒಂದೇ ಬೆಲೆ ಅಂತಿಲ್ಲ. ಅನೇಕ ಕಾರ್ಡುಗಳಲ್ಲಿ ಬಿಲ್ಲಿಗೆ ವಜಾ ಹಾಕಿಸಿಕೊಂಡರೆ ಪಾಯಿಂಟಿಗೆ 25 ಪೈಸೆಯ ಆಸುಪಾಸು, ಅಂದರೆ ನಿನಗೆ 3,000 ರೂಪಾಯಿ. ಬ್ಯಾಂಕಿನದೇ ಪ್ರಯಾಣ ಪೋರ್ಟಲ್‌ನಲ್ಲಿ ಟಿಕೆಟಿಗೆ 50 ಪೈಸೆ ಸಿಕ್ಕರೆ 6,000. ಆದರೆ ಅದೇ ಟಿಕೆಟ್ ವಿಮಾನ ಕಂಪನಿಯ ಸೈಟಿನಲ್ಲಿ ಎಷ್ಟಿದೆ ನೋಡದೆ ಒತ್ತಬೇಡ. ಪೋರ್ಟಲ್‌ನಲ್ಲಿ ದರವೇ ಹೆಚ್ಚಿದ್ದರೆ ಲಾಭ ಅಲ್ಲೇ ಕರಗುತ್ತದೆ. ಏರ್‌ಲೈನ್ ಮೈಲ್ಸ್‌ಗೆ, ಅಂದರೆ ಟಿಕೆಟಿಗೆ ಬಳಸುವ ವಿಮಾನ ಕಂಪನಿಯದೇ ಪಾಯಿಂಟಿಗೆ, ವರ್ಗಾಯಿಸುವ ಮನಸ್ಸಿದ್ದರೆ ಆ ಮೈಲ್ಸ್‌ಗೆ ಸಿಗುವ ಸೀಟು ಇದೆಯೇ ಎಂದು ಮೊದಲೇ ಹುಡುಕು. ಒಮ್ಮೆ ಹೋದ ಪಾಯಿಂಟ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ವಿಮಾನ ಹತ್ತಲು ಕಾರವಾರದ ನಮಗೆ ಗೋವಾ ಹತ್ತಿರ, ನಿನಗೆ ಹುಬ್ಬಳ್ಳಿ. ಆದರೂ ಗೋವಾದ ಎರಡು ವಿಮಾನ ನಿಲ್ದಾಣಗಳಾದ ದಾಬೋಲಿ, ಮೋಪಾ ದರವನ್ನೂ ಹೋಲಿಸು, ಟ್ಯಾಕ್ಸಿ ಖರ್ಚು ಸೇರಿಸಿ.

ಬಿಲ್ ಮಾತ್ರ ಪೂರ್ತಿ ಕಟ್ಟುತ್ತಿರು. ಬಾಕಿ ಉಳಿಸಿದರೆ ಹೆಚ್ಚಿನ ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3ಕ್ಕೂ ಮೇಲೆ ಬಡ್ಡಿ. ಆಮೇಲೆ ಯಾವ ಪಾಯಿಂಟೂ ಉಪಯೋಗಕ್ಕಿಲ್ಲ. ಪಾಯಿಂಟಿನ ಅವಧಿ ಯಾವಾಗ ಮುಗಿಯುತ್ತದೆ ಎಂದು ಇವತ್ತೇ ನೋಡಿಕೋ.